ಪಟ್ಟಿಯ ಮೂರನೆಯ ಹೆಸರು

ಬುಧವಾರ, ಬೆಳಿಗ್ಗೆ ಏಳೂವರೆ
ಸಂಸತ್ ಸದಸ್ಯರ ವಸತಿಗೃಹ, ಕೊಠಡಿ ಹದಿನಾಲ್ಕು, ಅದರ ಬಚ್ಚಲು

ನನ್ನ ಬಂಗಾರದ ಅಕ್ಕನಿಗೆ,

ಮೇಲಿನ ವಿಳಾಸ ಓದಿ ನಗಬೇಡ. ನಕ್ಕರೂ ಮೆಲ್ಲಗೆ ನಗು. ಈ ಕೊಠಡಿಯಲ್ಲಿ ರಸ್ತೆಯ ಕಡೆ ಕಿಟಕಿ ಇಲ್ಲದ ಜಾಗ ಬಚ್ಚಲೊಂದೇ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ತೊಡೆಯ ಮೇಲೆ ಸದನದ ನಿಯಮಾವಳಿ ಪುಸ್ತಕ, ಅದರ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ದೇಶ ಹುಟ್ಟಿ ಇನ್ನೂ ಹದಿನಾಲ್ಕು ತಿಂಗಳು. ಅದರ ಮೊದಲ ಸಂಸತ್ತಿನ ಅರವತ್ತೊಂದು ಮಂದಿ ಸದಸ್ಯರಲ್ಲಿ ಒಬ್ಬಳು ನಲ್ಲಿಯ ಹನಿ ಎಣಿಸುತ್ತ ಕೂತಿದ್ದಾಳೆ. ತಂಗಿಗೆ ಆಸನ ಸಿಕ್ಕಿತು ಅಂತ ಬೀದಿಗೆಲ್ಲ ಹೇಳಿಕೊಂಡು ಬಂದೆಯಲ್ಲ, ಇದೇ ಆ ಆಸನ. ಶವಾಸನ ಆಗದಿದ್ದರೆ ಸಾಕು.

ಹೆದರಿದಾಗ ನನಗೆ ಹೀಗೇ. ಬೇರೆಯವರಿಗೆ ಬೆವರು ಬಂದರೆ ನನಗೆ ತಮಾಷೆ ಬರುತ್ತದೆ. ಈ ಕಾಗದದಲ್ಲಿ ಎಷ್ಟು ತಮಾಷೆ ಕಾಣುತ್ತದೋ ಅಷ್ಟು ಭಯ ಇದೆ ಅಂತ ತಿಳಿದುಕೋ.

ನಿನ್ನ ಕಾಗದ ಸೋಮವಾರ ಸಿಕ್ಕಿತು. ಭಾವನೇ ತಂದುಕೊಟ್ಟರು. ಲಕೋಟೆ ಅಂಟಿಸಿಯೇ ಇತ್ತು, ಆದರೆ ಎರಡು ಸಲ ಅಂಟಿಸಿದ ಹಾಗಿತ್ತು. "ಹಠ ಮಾಡಬೇಡ ಪುಟ್ಟಿ. ನಿನ್ನ ಭಾವ ಇಪ್ಪತ್ತು ವರ್ಷ ಪಕ್ಷಕ್ಕೆ ಗೋಂದು ಹಚ್ಚಿದ್ದಾರೆ, ಮೈಕು ಹೊತ್ತಿದ್ದಾರೆ. ನಿನಗೆ ಟೈಪಿಂಗ್ ಇದೆ, ಅವರಿಗೆ ಇದೊಂದೇ ಇರೋದು. ಗುರುವಾರಕ್ಕೆ ಅವರ ಕೋಟು ಹೊಲಿಯುತ್ತಿದ್ದೇನೆ" ಅಂತ ಬರೆದಿದ್ದೀಯ. ಓದಿ ಅತ್ತೆ. ಆಮೇಲೆ, ಕೋಟಿನ ಬಟ್ಟೆ ಯಾವ ಬಣ್ಣವೋ ಬರೆದಿಲ್ಲವಲ್ಲ ಅಂತ ಅನ್ನಿಸಿತು. ನನ್ನ ಜಾಗಕ್ಕೆ ಯಾವ ಬಣ್ಣ ಬರುತ್ತದೆ ಅಂತ ತಿಳಿದುಕೊಳ್ಳುವ ಹಕ್ಕಾದರೂ ಬೇಡವೇ?

ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ ಅಕ್ಕ. ಅದನ್ನು ಹೇಳಬೇಕಾದರೆ ಚುನಾವಣೆಯಿಂದಲೇ ಶುರು ಮಾಡಬೇಕು.

ಮತಗಟ್ಟೆಯಲ್ಲಿ ಎರಡು ಚೀಟಿ ಕೈಯಲ್ಲಿ ಹಿಡಿದು "ಇದ್ಯಾಕ್ರೀ ಎರಡು, ಒಂದು ಹರಿದು ಹೋದ್ರೆ ಇರ್ಲಿ ಅಂತಾನಾ?" ಅಂತ ಅಧಿಕಾರಿಯನ್ನು ಕೇಳಿದವಳು ನೀನು. ಪಾಪ, ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬಿಳಿ ಚೀಟಿ ನಿನ್ನ ಕ್ಷೇತ್ರದ ಮನುಷ್ಯನಿಗೆ. ನಲವತ್ತೊಂದು ಕ್ಷೇತ್ರ, ನಲವತ್ತೊಂದು ಕುರ್ಚಿ. ಹಳದಿ ಚೀಟಿ ಪಕ್ಷಕ್ಕೆ. ಉಳಿದ ಇಪ್ಪತ್ತು ಕುರ್ಚಿ ಇರುವುದು ತಕ್ಕಡಿ ಸರಿತೂಗಿಸುವುದಕ್ಕೆ. ದೇಶದ ಹಳದಿ ಚೀಟಿಗಳಲ್ಲಿ ಅರ್ಧ ಒಂದು ಪಕ್ಷಕ್ಕೆ ಬಿದ್ದಿದ್ದರೆ ಸದನದಲ್ಲೂ ಆ ಪಕ್ಷಕ್ಕೆ ಅರ್ಧ ಸಿಗಬೇಕು. ಕ್ಷೇತ್ರಗಳಲ್ಲಿ ಗೆದ್ದದ್ದು ಅಷ್ಟಕ್ಕೆ ಸಾಲದಿದ್ದರೆ, ಪಕ್ಷ ಮೊದಲೇ ಬರೆದುಕೊಟ್ಟ ಪಟ್ಟಿಯಿಂದ ಮೇಲಿನಿಂದ ಕೆಳಕ್ಕೆ ಹೆಸರು ತೆಗೆದು ತುಂಬುತ್ತಾರೆ. ಆ ಪಟ್ಟಿಯಲ್ಲಿ ಪ್ರತಿ ಮೂರನೆಯ ಹೆಸರು ಹೆಂಗಸಿನದೇ ಆಗಿರಬೇಕು ಅಂತ ಸಂವಿಧಾನ ಹೇಳುತ್ತದೆ.

ಪಟ್ಟಿ ಕೊಡುವ ಕೊನೆಯ ದಿನ ಪಕ್ಷದ ಕಚೇರಿಯಲ್ಲಿ ಅದನ್ನು ಟೈಪ್ ಮಾಡುತ್ತಿದ್ದವಳು ನಾನು. ಒಂದು, ನಾಯಕರು. ಎರಡು, ನಾಯಕರ ಡಾಕ್ಟರು. ಮೂರಕ್ಕೆ ಬಂದಾಗ ಎಲ್ಲರೂ ನಿಂತರು. "ಹೆಂಗಸು ಯಾರಪ್ಪಾ?" ಅಂತ ಸುತ್ತ ನೋಡಿದರು. ಆ ಕೋಣೆಯಲ್ಲಿ ಹೆಂಗಸು ಅಂತ ಇದ್ದದ್ದು ನಾನು ಮತ್ತು ಗೋಡೆಯ ಕ್ಯಾಲೆಂಡರಿನಲ್ಲಿ ಸೋಪು ಹಿಡಿದುಕೊಂಡಿದ್ದವಳು. ಅವಳಿಗೆ ಸಹಿ ಹಾಕಲು ಬರುವುದಿಲ್ಲ. ನಮ್ಮ ಹಾಜರಿ ಸಾಹೇಬರು "ಏ ಟೈಪಿಸ್ಟಮ್ಮಾ, ನಿನ್ನ ಹೆಸ್ರೇ ಹೊಡಿ. ಪಟ್ಟೀಲಿ ನಮ್ಗೆ ಎರಡಕ್ಕಿಂತ ಜಾಸ್ತಿ ಎಲ್ಲಿ ಬರುತ್ತೆ" ಅಂದರು. (ಹಾಜರಿ ಸಾಹೇಬರು ಅಂದರೆ ಪಕ್ಷದ ಸಚೇತಕರು. ಯಾರು ಬಂದರು, ಯಾರು ಬರಲಿಲ್ಲ, ಯಾರು ಯಾವಾಗ ಕೈ ಎತ್ತಬೇಕು, ಎಲ್ಲ ಅವರದೇ.) ಎಲ್ಲರೂ ನಕ್ಕರು. ನಾಲ್ಕನೆಯ ಹೆಸರು ಭಾವನದು. ಅವರೂ ನಕ್ಕರು, ನಾನೂ ನಕ್ಕೆ. ನನ್ನ ಹೆಸರನ್ನು ನಾನೇ ಟೈಪ್ ಮಾಡಿದೆ. ಒಂದಕ್ಷರ ತಪ್ಪಿ ಮತ್ತೆ ಹೊಡೆದೆ.

ಈಗ ನಿನಗೆ ಗೊತ್ತಿಲ್ಲದ್ದು. ಪಟ್ಟಿಯಲ್ಲಿರುವ ಇಪ್ಪತ್ತು ಜನರೂ ಅವತ್ತೇ ಇನ್ನೊಂದು ಹಾಳೆಗೆ ಸಹಿ ಹಾಕಬೇಕಿತ್ತು. ಅದನ್ನೂ ನಾನೇ ಟೈಪ್ ಮಾಡಿದ್ದು, ಇಪ್ಪತ್ತು ಪ್ರತಿ. "ನಾನು ಸ್ವಂತ ಇಚ್ಛೆಯಿಂದ ನನ್ನ ಸದಸ್ಯತ್ವಕ್ಕೆ ರಾಜೀನಾಮೆ ನೀಡುತ್ತಿದ್ದೇನೆ." ಅಷ್ಟೇ. ಕೆಳಗೆ ಸಹಿ, ಮೇಲೆ ತಾರೀಖಿನ ಜಾಗ ಖಾಲಿ. ಯಾರಾದರೂ ಬಾಲ ಬಿಚ್ಚಿದರೆ ತಾರೀಖು ತುಂಬಿ ಕೊಡುವುದು. ಪಟ್ಟಿಯ ಮುಂದಿನವರು ಬಂದು ಕೂರುವುದು. ನಾನು ಪೆನ್ನು ಹಿಡಿದು ಸ್ವಲ್ಪ ತಡೆದೆ. ಭಾವ ನನ್ನ ಕಿವಿಯ ಹತ್ತಿರ "ಹಾಕಮ್ಮ, ನಾನೂ ಹಾಕ್ದೆ. ಇದೆಲ್ಲ ಸುಮ್ನೆ" ಅಂದರು. ಹಾಕಿದೆ. ಸಹಿಗೆ ಒಂದು ಗುಡಿಸು ಕೊಟ್ಟರೆ ಸಿಹಿಯಾಗುತ್ತದೆ ಅಂತ ಆಗ ತಮಾಷೆ ಮಾಡಿದ್ದೆ. ಅದು ಮೊದಲಕ್ಷರವನ್ನೇ ಬದಲಾಯಿಸಿಕೊಂಡು ಕಹಿಯಾಗುತ್ತದೆ ಅಂತ ಗೊತ್ತಿರಲಿಲ್ಲ. ರಾಜೀನಾಮೆಯಲ್ಲಿ ರಾಜಿ ಅವರದು, ನಾಮ ನನ್ನದು.

ಆಮೇಲೆ ಆದದ್ದು ನಿನಗೆ ಗೊತ್ತು. ನಮ್ಮ ಪಕ್ಷ ಇಪ್ಪತ್ತೆಂಟು ಕ್ಷೇತ್ರ ಗೆದ್ದಿತು. ಹಳದಿ ಚೀಟಿಯ ಪಾಲು ನೋಡಿದರೆ ಮೂವತ್ತೊಂದು ಸಿಗಬೇಕು. ಪಟ್ಟಿಯಿಂದ ಮೂರು! ಮೂರನೆಯವಳೂ ನಾನು, ಮೂವತ್ತೊಂದನೆಯವಳೂ ನಾನು. ಆ ಕಡೆಯ ಎಲ್ಲ ಪಕ್ಷಗಳೂ ಸೇರಿ ಮೂವತ್ತು. ನಾಯಕರು ಸರಕಾರ ಮಾಡಿದ್ದು ಟೈಪಿಸ್ಟಮ್ಮನ ಮೇಲೆ ಕೂತು. ಪ್ರಮಾಣವಚನದ ದಿನ ಹೊರದೇಶದವರೆಲ್ಲ ಬಂದಿದ್ದರಿಂದ ನನ್ನನ್ನು ಎಬ್ಬಿಸಿ ಕಳಿಸಲಾಗಲಿಲ್ಲ. ಇರಲಿ ಬಿಡು, ಹೇಳಿದಾಗ ಕೈ ಎತ್ತುತ್ತಾಳೆ ಅಂತ ಬಿಟ್ಟರು. ಎತ್ತಿದೆ. ಐದು ತಿಂಗಳು ಎತ್ತಿದೆ. ನಿಯಮಾವಳಿ ಸಮಿತಿಗೂ ಹಾಕಿದರು. ಟೈಪ್ ಮಾಡಲು ಬೇರೆ ಜನ ಬೇಡವಲ್ಲ.

ಕಳೆದ ಬುಧವಾರ ಹೊಸ ಮಸೂದೆ ತಂದರು. ದೇಶ ಇನ್ನೂ ಎಳೆಯದು, ಪದೇ ಪದೇ ಚುನಾವಣೆ ತಡೆಯುವುದಿಲ್ಲ. ಅದಕ್ಕೆ ಈ ಸಂಸತ್ತಿನ ಅವಧಿ ನಾಲ್ಕು ವರ್ಷದ ಬದಲು ಹತ್ತು. ಪಕ್ಷದ ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ನನಗೆ ಯಾಕೆ ಬಾಯಿ ಬಂತೋ ಅಕ್ಕ, ಇವತ್ತಿಗೂ ಗೊತ್ತಿಲ್ಲ. "ಸಾರ್, ಒಂದು ಅನುಮಾನ. ಜನ ಚೀಟಿ ಹಾಕಿದ್ದು ನಾಲ್ಕು ವರ್ಷಕ್ಕೆ. ಮಿಕ್ಕ ಆರು ವರ್ಷ ನಾವು ಯಾರ ಚೀಟಿ ಮೇಲೆ ಕೂತಿರ್ತೀವಿ?" ಅಂತ ಕೇಳಿಬಿಟ್ಟೆ. ನಾನು ಜೋಕು ಹೊಡೆದೆ ಅಂದುಕೊಂಡು ಇಬ್ಬರು ನಕ್ಕರು. ನಾಯಕರು ನಗಲಿಲ್ಲ. ನಗುತ್ತಿದ್ದ ಇಬ್ಬರೂ ಅದನ್ನು ನೋಡಿ ಕೆಮ್ಮಿದರು. ಹಾಜರಿ ಸಾಹೇಬರು ತಮ್ಮ ಪುಸ್ತಕ ತೆರೆದು ಏನೋ ಗುರುತು ಹಾಕಿಕೊಂಡರು.

ಮಾರನೆಯ ದಿನವೇ ನನ್ನ ಕಿಟಕಿಯ ಎದುರು ಬೂದು ಬಣ್ಣದ ಕಾರು ಬಂದು ನಿಂತಿತು. ಒಳಗೆ ಇಬ್ಬರು. ಒಬ್ಬ ಪೇಪರ್ ಓದುತ್ತಾನೆ. ಆರು ದಿನದಿಂದ ಅದೇ ಪೇಪರ್. ಫೋನು ಎತ್ತಿದರೆ ಆ ಕಡೆ ಯಾರೋ ಬಿಸ್ಕತ್ತು ಕಡಿಯುವ ಸದ್ದು. ಶುಕ್ರವಾರ ಸದನದಿಂದ ಬಂದು ಬಾಗಿಲು ತೆಗೆದೆ. ಬೀಗ ಸರಿಯಾಗಿಯೇ ಇತ್ತು, ಒಳಗೆ ಒಂದು ಕಾಗದವೂ ಜರುಗಿರಲಿಲ್ಲ. ಮಂಚದ ಕೆಳಗೆ ಗೋಡೆಯ ಕಡೆ ಮುಖ ಮಾಡಿ ಬಿಟ್ಟಿದ್ದ ನನ್ನ ಚಪ್ಪಲಿ ಮಾತ್ರ ನೆಟ್ಟಗೆ ಜೋಡಿಸಿ ಬಾಗಿಲಿನ ಕಡೆ ತಿರುಗಿಸಿಟ್ಟಿತ್ತು. ಅಷ್ಟೇ. ಮುರಿದು ಹಾಕಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅವತ್ತಿನಿಂದ ಚಪ್ಪಲಿಯನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುತ್ತೇನೆ. ಮಹಾರಾಣಿಯ ಕಿರೀಟದ ಹಾಗೆ.

ಸೋಮವಾರ, ಭಾವ ನಿನ್ನ ಕಾಗದ ಕೊಟ್ಟುಹೋದ ಮೇಲೆ, ಹಾಜರಿ ಸಾಹೇಬರು ಇಲ್ಲಿನ ಮೆಟ್ಟಿಲ ಹತ್ತಿರ ಸಿಕ್ಕರು. ಐದು ತಿಂಗಳಿಂದ "ನೀನು" ಅನ್ನುತ್ತಿದ್ದವರು ಅವತ್ತು "ನೀವು" ಅಂದರು. "ಗುರುವಾರ ನೀವು ಬರೋದೇ ಬೇಡಮ್ಮ. ಹತ್ತು ಗಂಟೆಗೆ ಕಾಗದ ನಾವೇ ಕೊಟ್ಬಿಡ್ತೀವಿ. ನಿಮ್ಮ ಭಾವ ಪ್ರಮಾಣ ತಗೋತಾರೆ, ಹನ್ನೊಂದಕ್ಕೆ ಮತಕ್ಕೆ ಹಾಕ್ತೀವಿ. ಮನೆಯವರೇ ಬರ್ತಿರೋದು, ಬೇರೆಯವ್ರಾ? ನಿಮ್ಮ ಟೈಪ್ ಮಿಷನ್ ಹಾಗೇ ಇದೆ, ಬಟ್ಟೆ ಮುಚ್ಚಿಟ್ಟಿದೀವಿ" ಅಂದರು. ನಾನು ಇಳಿಯುವಾಗ ಹಿಂದಿನಿಂದ "ಮೆಟ್ಲು ನೋಡ್ಕೊಂಡು ಇಳೀರಿ, ಜಾರುತ್ತೆ" ಅಂತಲೂ ಅಂದರು.

ಒಣ ಮೆಟ್ಟಿಲು ಅಕ್ಕ. ವಾರದಿಂದ ಅದಕ್ಕೆ ಒಂದು ಹನಿ ನೀರು ಬಿದ್ದಿಲ್ಲ.

ನಾನೇನಂದೆ ಗೊತ್ತಾ? "ಸರಿ ಸಾರ್" ಅಂದೆ. ಗಟ್ಟಿಯಾಗಿ, ನಗುನಗುತ್ತಾ ಅಂದೆ. ಅದು ನನಗೆ ಕಾರಿಗಿಂತ, ಚಪ್ಪಲಿಗಿಂತ ಹೆಚ್ಚು ಭಯ ಹುಟ್ಟಿಸಿದೆ. ಒಂಬತ್ತು ವರ್ಷ ಟೈಪಿಸ್ಟಾಗಿದ್ದವಳ ಬಾಯಿ ಇದು. ಯಾರಾದರೂ ಗಂಟಲು ಸರಿಮಾಡಿಕೊಂಡರೆ ಸಾಕು, ನನ್ನನ್ನು ಕೇಳದೆಯೇ ಸರಿ ಸಾರ್ ಅಂದುಬಿಡುತ್ತದೆ.

ಭಾವನ ಬಗ್ಗೆ ನನಗೆ ಕೋಪ ಇಲ್ಲ. ನಿಜವಾಗಿ ಇಲ್ಲ. ಅವರು ಕೆಟ್ಟವರಲ್ಲ, ಕೈ ಎತ್ತು ಅಂದರೆ ಎತ್ತುವವರು. ನಿನ್ನನ್ನು ನೋಡಲು ಬಂದ ದಿನ ನೀನು ಇನ್ನೊಂದು ಲೋಟ ಕಾಫಿ ಬೇಕಾ ಅಂತ ಕೇಳಿದ್ದಕ್ಕೂ ಕೈ ಎತ್ತಿದ್ದರಲ್ಲ. ಅವರಿಗೆ ಆ ಕುರ್ಚಿ ಕೊಡಲು ನನಗೆ ಒಂದು ಚೂರೂ ಬೇಜಾರಿಲ್ಲ. ಆದರೆ ನಾಳೆ ಹನ್ನೊಂದು ಗಂಟೆಗೆ ಅವರ ಕೈ ಮೇಲೆ ಹೋದರೆ, ಹತ್ತು ವರ್ಷ ಈ ದೇಶದಲ್ಲಿ ಇನ್ಯಾರಿಗೂ ಎರಡು ಚೀಟಿ ಹಿಡಿದು ಇದ್ಯಾಕೆ ಅಂತ ಕೇಳುವ ಅವಕಾಶ ಬರುವುದಿಲ್ಲ. ನಿನಗೂ ಬರುವುದಿಲ್ಲ. ನಾನು ಇದ್ದು ಆ ಕಡೆಯವರ ಜೊತೆ ಕೈ ಎತ್ತಿದರೆ ಮೂವತ್ತಕ್ಕೆ ಮೂವತ್ತೊಂದು, ಮಸೂದೆ ಬೀಳುತ್ತದೆ. ಇಡೀ ದೇಶದ ಭಾರ ಒಬ್ಬ ಟೈಪಿಸ್ಟಿನ ತೋಳಿನ ಮೇಲೆ ನಿಂತಿದೆ. ಅದೂ ಎಡತೋಳು ನೋವಿನ ಟೈಪಿಸ್ಟು.

ನೆನಪಿದೆಯಾ, ಅಮ್ಮ ಕಾರ್ಖಾನೆಗೆ ಹೋದ ಮೇಲೆ ಆ ಒಂದೇ ಕೋಣೆಯಲ್ಲಿ ನೀನೇ ನನ್ನ ಸರಕಾರ. ನಿನಗೆ ಹನ್ನೊಂದು, ನನಗೆ ಆರು. ಸೋಲುತ್ತೇನೆ ಅನ್ನಿಸಿದ ಕೂಡಲೇ ನಾನು ಆಟಕ್ಕಿಲ್ಲ ಅಂತ ಮೂಲೆ ಸೇರುತ್ತಿದ್ದೆ. ನೀನು ಬಿಡುತ್ತಿರಲಿಲ್ಲ. "ಮೂಲೇಲಿ ಮುಲುಗಿದ್ದು ಲೆಕ್ಕಕ್ಕಿಲ್ಲ. ಎದ್ದು ನಿಂತ್ಕೊಂಡು, ನನ್ನ ಮುಖ ನೋಡ್ಕೊಂಡು, ಮೂರು ಸಲ ಗಟ್ಟಿಯಾಗಿ ಹೇಳು" ಅನ್ನುತ್ತಿದ್ದೆ. ಎರಡನೇ ಸಲಕ್ಕೆ ನನಗೆ ನಗು ಬಂದು ಮತ್ತೆ ಆಟಕ್ಕೆ ಕೂರುತ್ತಿದ್ದೆ. ಮೂರೂ ಸಲ ನಗದೆ ಹೇಳಿದ್ದು ಒಂದೇ ಬಾರಿ: ಹೊಲಿಗೆ ಬಿಟ್ಟು ಟೈಪಿಂಗಿಗೆ ಹೋಗುತ್ತೇನೆ ಅಂದಾಗ. ನೀನು ಕತ್ತರಿ ಕೆಳಗಿಟ್ಟು "ಈಗ ನಂಬಿದೆ, ಹೋಗು" ಅಂದೆ. ಮಾರನೇ ದಿನ ನೀನೇ ಶುಲ್ಕ ಕಟ್ಟಿ ಬಂದೆ.

ಈ ಕಾಗದವನ್ನು ಪಕ್ಕದ ಕೊಠಡಿಯ ನರ್ಸಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು, ಆ ಕಡೆಯ ಪಕ್ಷದಿಂದ ಬಂದರಿನ ಕ್ಷೇತ್ರದಲ್ಲಿ ಗೆದ್ದವರು. ನಾನು ನಿನ್ನೆ ನಡುಗುವುದನ್ನು ನೋಡಿ ನಾಡಿ ಹಿಡಿದು "ಭಯ ಇದೆ, ಜ್ವರ ಇಲ್ಲ. ಊಟ ಮಾಡ್ಬೋದು" ಅಂತ ಹೇಳಿಹೋದರು. ತಮ್ಮ ಕೋಟಿನ ತೋಳು ಗಿಡ್ಡ ಮಾಡಿಸುವ ನೆಪದಲ್ಲಿ ಮಧ್ಯಾಹ್ನ ನಿನ್ನ ಹೊಲಿಗೆ ಅಂಗಡಿಗೆ ಬರುತ್ತಾರೆ. ನಾಳೆ ಹತ್ತರೊಳಗೆ ನನ್ನನ್ನು ಕೈ ಹಿಡಿದು ಆ ಮೆಟ್ಟಿಲು ಇಳಿಸಿ ಸದನಕ್ಕೆ ಕರೆದೊಯ್ಯುವವರೂ ಅವರೇ.

ಜೊತೆಗೆ ಸಂದರ್ಶಕರ ಗ್ಯಾಲರಿಯ ಒಂದು ಪಾಸು ಇದೆ. ಒಬ್ಬರಿಗೆ ಮಾತ್ರ. ಭಾವನಿಗೆ ಪಕ್ಷದವರೇ ಬಾಗಿಲು ತೆಗೆಯುತ್ತಾರೆ, ಇದು ನಿನಗೆ. ಬಂದರೆ ಬಾ. ಬರದಿದ್ದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಇದು ಸುಳ್ಳು, ಆದರೆ ಬರೆಯಬೇಕಲ್ಲ.

ನಿನ್ನ ಹೆದರುಪುಕ್ಕಲಿ ತಂಗಿ,
ಪುಟ್ಟಿ
(ಕುರ್ಚಿ ಸಂಖ್ಯೆ ನಲವತ್ತಾರು, ಸದ್ಯಕ್ಕೆ)

ಮರೆತೆ ಅಂತ ನಟಿಸಿ ಕೊನೆಗೆ ಇಟ್ಟದ್ದು: ನಿಯಮಾವಳಿ ಸಮಿತಿಯಲ್ಲಿ ಏಳು ಜನ. ಮೂರು ದಿನ ಜಗಳವಾಡಿದ್ದು ಯಾರ ಕಾರು ಯಾವ ನೆರಳಿನಲ್ಲಿ ನಿಲ್ಲಬೇಕು ಅಂತ. ಮಿಕ್ಕ ನಿಯಮಗಳನ್ನು "ನೀನೇ ಏನಾದ್ರೂ ಹೊಂದಿಸಿ ಬರ್ಕೊಂಡು ಬಾರಮ್ಮ" ಅಂದರು. ಹೊಂದಿಸಿದೆ. ಎಪ್ಪತ್ತನಾಲ್ಕನೆಯದು ಹೀಗಿದೆ: "ರಾಜೀನಾಮೆ ನೀಡುವ ಸದಸ್ಯರು ಸದನದಲ್ಲಿ ತಮ್ಮ ಸ್ಥಾನದಲ್ಲಿ ಎದ್ದು ನಿಂತು, ಸಭಾಧ್ಯಕ್ಷರ ಮುಖ ನೋಡಿ, ಮೂರು ಸಲ ಗಟ್ಟಿಯಾಗಿ ಹಾಗೆಂದು ಹೇಳತಕ್ಕದ್ದು. ಹೇಳದ ಹೊರತು ಯಾವ ಕಾಗದವೂ ರಾಜೀನಾಮೆಯಾಗದು." ಮೋಸ ಮಾಡಿಲ್ಲ ಅಕ್ಕ, ಸಮಿತಿಯಲ್ಲಿ ಗಟ್ಟಿಯಾಗಿಯೇ ಓದಿದೆ. ಊಟದ ಮೇಲಿನ ಹೊತ್ತು, ನಾಲ್ವರಿಗೆ ನಿದ್ದೆ, ಇಬ್ಬರಿಗೆ ನೆರಳಿನ ಚಿಂತೆ. ಸದನ ನೂರಹನ್ನೆರಡು ನಿಯಮಗಳನ್ನು ಒಂದೇ ಕೂಗಿಗೆ ಒಪ್ಪಿತು. ಟೈಪಿಸ್ಟು ಹೊಡೆದದ್ದನ್ನು ಯಾರು ಓದುತ್ತಾರೆ? ಓದುವವರು ಒಬ್ಬರೇ, ಸಭಾಧ್ಯಕ್ಷರು. ಹೊರಗಿನಿಂದ ತಂದು ಕೂರಿಸಿದ ನಿವೃತ್ತ ನ್ಯಾಯಾಧೀಶರು, ಮತ ಇಲ್ಲ, ಪುಸ್ತಕದಲ್ಲಿ ಇಲ್ಲದಿದ್ದರೆ ಕೆಮ್ಮುವುದೂ ಇಲ್ಲ. ನಾಳೆ ಕಾಗದ ಕೈಗೆ ಬಂದ ಕೂಡಲೇ ಪುಟ ತಿರುಗಿಸಿ ನನ್ನನ್ನು ಎಬ್ಬಿಸುತ್ತಾರೆ. ಆಗ ನನ್ನ ಬಾಯಿ ಸರಿ ಸಾರ್ ಅಂದುಬಿಟ್ಟರೆ ಎಲ್ಲ ಮುಗಿಯಿತು.

ಇನ್ನೊಂದು. ನಿಯಮ ತಿದ್ದಬೇಕಾದರೆ ಹಿಂದಿನ ದಿನ ಸಂಜೆ ಐದರೊಳಗೆ ನೋಟಿಸು ಕೊಡಬೇಕು, ಅದೂ ನಾನೇ ಟೈಪ್ ಮಾಡಿದ್ದು. ಅಂದರೆ ಇವತ್ತು ಐದರೊಳಗೆ ಭಾವನಿಗೆ ಇದು ಗೊತ್ತಾದರೆ ನಾನು ಸೋತೆ. ನಿನಗೆ ಹೇಳದೆಯೂ ಇರಬಹುದಿತ್ತು. ಆದರೆ ಆಟಕ್ಕಿದ್ದೇನೆ ಅನ್ನುವುದನ್ನೂ ನಿನಗೆ ಹೇಳದೆ ನನಗೆ ಅಭ್ಯಾಸವಿಲ್ಲ.

*

ಬುಧವಾರ, ಸಂಜೆ ಆರು
ಅಂಗಡಿ

ಪುಟ್ಟಿಗೆ,

ನಿನ್ನ ಕಾಗದ ನನಗೆ ತಲುಪಿದ್ದು ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ. ನರ್ಸಮ್ಮ ಮಧ್ಯಾಹ್ನ ಹನ್ನೆರಡಕ್ಕೇ ಅಂಗಡಿಗೆ ಬಂದಿದ್ದರು ಅಂತ ಯಾರಾದರೂ ಅಂದರೆ, ಅವರು ಬಂದದ್ದು ತೋಳು ಗಿಡ್ಡ ಮಾಡಿಸಲು. ಮಾಡಿದ್ದೇನೆ. ಬೇಕಾದವರು ಅಳೆದು ನೋಡಲಿ.

ನಿನ್ನ ಭಾವ ನಾಲ್ಕಕ್ಕೆ ಬಂದರು, ಕೋಟು ತೊಟ್ಟು ನೋಡಲು. ಬಟ್ಟೆ ಕಂದು ಬಣ್ಣ, ಕೇಳಿದ್ದೆಯಲ್ಲ. ಕನ್ನಡಿಯ ಮುಂದೆ ನಿಂತು ಹೇಗೆ ಕಾಣ್ತೀನಿ ಅಂದರು. ಚೆನ್ನಾಗಿ ಕಾಣ್ತೀರಿ ಅಂದೆ. ಚೆನ್ನಾಗಿಯೇ ಕಾಣುತ್ತಿದ್ದರು ಕಣೇ, ಅದೇ ಸಂಕಟ. ಪುಟ್ಟಿ ಏನಾದ್ರೂ ಬರೆದಳಾ ಅಂತ ಕೇಳಿದರು. ಇಲ್ಲ ಅಂದೆ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಅವರಿಗೆ ಹೇಳಿದ ಮೊದಲ ಸುಳ್ಳು. ಎದುರಿಗೇ ಕೂತು ಐದು ಹೊಡೆಯುವವರೆಗೆ ಮಾತಾಡಿದರು. ಅಷ್ಟು ಹೊತ್ತೂ ಬರೀ ಮಿಷನ್ ತುಳಿಯುತ್ತಲೇ ಇದ್ದೆ, ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ನಿಲ್ಲಿಸಿದ್ದರೆ ಕಾಲು ನಡುಗುವುದು ಕಾಣುತ್ತಿತ್ತು. ನಿನಗಾದರೂ ತಮಾಷೆ ಬರುತ್ತದೆ, ನನಗೆ ಅದೂ ಬರುವುದಿಲ್ಲ.

ಅವರಿಗೆ ನಾಳೆ ಏನು ಹೇಳುತ್ತೇನೆ, ನಾಳಿದ್ದು ಈ ಮನೆಯಲ್ಲಿ ಹೇಗಿರುತ್ತೇನೆ, 'ನೀವು' ಅನ್ನುವ ಆ ಜನ ನಿನ್ನನ್ನು ಏನು ಮಾಡುತ್ತಾರೆ, ಒಂದೂ ಗೊತ್ತಿಲ್ಲ. ಸದನ ಮುಗಿದ ಕೂಡಲೇ ಚಪ್ಪಲಿ ತಗೊಂಡು ಇಲ್ಲಿಗೆ ಬಾ. ಅಂಗಡಿಯ ಹಿಂದೆ ಹಾಸಿಗೆ ಹಾಸಿದ್ದೇನೆ.

ಹತ್ತಕ್ಕೆ ಮೊದಲ ಸಾಲಿನಲ್ಲಿ ಕೂತಿರುತ್ತೇನೆ. ನಿನ್ನನ್ನು ಎಬ್ಬಿಸಿದಾಗ ಆ ನ್ಯಾಯಾಧೀಶರ ಮುಖ ಒಂದು ಸಲ ನೋಡು, ಆಮೇಲೆ ಮೇಲೆ ನೋಡು. ನಗಿಸುವುದಿಲ್ಲ. ನಿಜವಾಗಿ ಆಟ ಬಿಡುವವಳ ಮುಖ ನನಗೆ ಗೊತ್ತು, ಈಗ ನಿನ್ನದು ಅದಲ್ಲ.

ನಿನ್ನ ಅಕ್ಕ

ಮತ್ತೆ: ಕೋಟಿಗೆ ಇನ್ನೂ ಗುಂಡಿ ಹಾಕಿಲ್ಲ. ದಾರ ಮುಗಿದಿದೆ, ನಾಳೆ ನೋಡೋಣ ಅಂತ ಅವರನ್ನು ಕಳಿಸಿದೆ. ಡ್ರಾಯರಿನಲ್ಲಿ, ನಿನ್ನ ಕಾಗದದ ಪಕ್ಕದಲ್ಲೇ, ಕಂದು ದಾರದ ಆರು ಉಂಡೆ ಇದ್ದವು.